ಗುಜರಿಯ ಅಲಮಾರಿ ಹೊಗೆಪೆಟ್ಟಿಗೆಯಾದ ಬಗೆ

ಬಕ್ರೀದ್ ದಿನ ಮಧ್ಯಾಹ್ನವಾಗುತ್ತಿದ್ದಂತೆ ನಮ್ಮ ಬಾಗಲವಾಡದ ಮುಸ್ಲಿಂ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮನೆಗೆ ಬಂದ ಮಾಂಸವನ್ನು ಕೆಡದಂತೆ ಇಡುವುದು ಹೇಗೆ? ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ ಒಂದನ್ನು ಮನೆಗೆ, ಒಂದನ್ನು ಬಂಧು-ಮಿತ್ರರಿಗೆ, ಒಂದನ್ನು ಬಡವರಿಗೆ ಕೊಡುವುದು ರೂಢಿ. ಫ್ರಿಜ್ ಇರುವವರಿಗೆ ಅಷ್ಟೊಂದು ಚಿಂತೆಯಿಲ್ಲ. ಆದರೆ ಮೂರನೆಯ ಪಾಲು ಹೋಗುವುದು ಹೆಚ್ಚಾಗಿ ಫ್ರಿಜ್ ಇಲ್ಲದ ಮನೆಗಳಿಗೇ. ಅಲ್ಲಿಗೆ ಒಂದೇ ದಿನ ನಾಲ್ಕೈದು ಕಡೆಯಿಂದ ಮಾಂಸ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಬರುವುದಿಲ್ಲ. ಎರಡು ದಿನದಲ್ಲಿ ತಿಂದು ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಕೊಟ್ಟ ಪಾಲು ನಿಜವಾಗಿ ಉಪಯೋಗಕ್ಕೆ ಬಂತೇ ಎಂಬುದು ಈ ಎರಡು ದಿನಗಳ ಮೇಲೆ ನಿಂತಿದೆ.

ಇದು ಹೊಸ ಪ್ರಶ್ನೆಯಲ್ಲ. ಬಕ್ರೀದಿನ ಮರುದಿನದಿಂದ ಮೂರು ದಿನ, ಅಂದರೆ ಜುಲ್‌ಹಜ್ ತಿಂಗಳ 11, 12 ಮತ್ತು 13ನೇ ದಿನಗಳನ್ನು ನಾವು 'ಅಯ್ಯಾಮೆ ತಷ್ರೀಕ್' ಎನ್ನುತ್ತೇವೆ. ಪ್ರತಿ ನಮಾಜಿನ ನಂತರ ತಕ್ಬೀರ್ ಹೇಳುವ ದಿನಗಳವು. 'ತಷ್ರೀಕ್' ಎಂಬ ಅರಬ್ಬಿ ಪದಕ್ಕೆ ಮಾಂಸವನ್ನು ಸೀಳಿ ಬಿಸಿಲಿಗೆ ಹರವಿ ಒಣಗಿಸುವುದು ಎಂಬ ಅರ್ಥವಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಹಾಗೆ ಒಣಗಿಸಿದ ಮಾಂಸಕ್ಕೆ ಅರಬ್ಬಿಯಲ್ಲಿ 'ಕದೀದ್' ಎಂಬ ಹೆಸರು. ಒಂದು ವರ್ಷ ಮದೀನಾಕ್ಕೆ ಬಡವರು ಹೆಚ್ಚಾಗಿ ಬಂದಿದ್ದರಿಂದ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಪ್ರವಾದಿಯವರು (ಸ) ಹೇಳಿದ್ದರು, ನಂತರದ ವರ್ಷ ತಿನ್ನಲು, ಕೊಡಲು, ಕೂಡಿಡಲು ಅನುಮತಿ ನೀಡಿದರು ಎಂಬುದು ಹದೀಸ್‌ಗಳಲ್ಲಿ ಬರುತ್ತದೆ. ಕೂಡಿಡುವುದೂ ಹಂಚುವುದೂ ಒಟ್ಟಿಗೇ ಬಂದ ಮಾತು.

ನಮ್ಮ ಕಡೆ ಇದಕ್ಕೆ ದಖನಿಯಲ್ಲಿ 'ಸೂಖಾ ಗೋಶ್ತ್', ಕನ್ನಡದಲ್ಲಿ 'ಒಣಖಂಡ' ಎನ್ನುತ್ತಾರೆ. ಖಂಡವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿಣ ಸವರಿ, ಮಾಳಿಗೆಯ ಮೇಲೆ ಹಗ್ಗಕ್ಕೆ ನೇತುಹಾಕುತ್ತಾರೆ. ಮುಂದೆ ಬೇಕಾದಾಗ ನೆನೆಸಿ ಪುಂಡಿಪಲ್ಯದ ಜೊತೆ ಬೇಯಿಸಿದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ.

ಈ ಪದ್ಧತಿಗೆ ಬಿಸಿಲೇ ಜೀವಾಳ. ಆದರೆ ಹಿಜ್ರಿ ವರ್ಷ ಸುಮಾರು 354 ದಿನದ್ದು, ಆದ್ದರಿಂದ ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಮುಂದಾಗಿ ಬರುತ್ತದೆ. ನಮ್ಮ ದೇಶದಲ್ಲಿ ಅದು 2023ರಲ್ಲಿ ಜೂನ್ 29ಕ್ಕೆ, 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ಮೂರೂ ಮುಂಗಾರು ಕಾಲಿಡುವ ದಿನಗಳು. ಮೋಡ, ತಂಪುಗಾಳಿ, ನಡುನಡುವೆ ಮಳೆ, ಅದರ ಜೊತೆಗೆ ನೊಣ. ಇನ್ನು ನಾಲ್ಕೈದು ವರ್ಷಕ್ಕೆ ಹಬ್ಬ ಏಪ್ರಿಲ್ಲಿಗೆ ಸರಿಯುತ್ತದೆ. ಆಗ ಬಿಸಿಲಿಗೆ ಕೊರತೆಯಿಲ್ಲ, ಆದರೆ 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಹಸಿ ಮಾಂಸ ಒಣಗುವ ಮೊದಲೇ ಹಳಸುವ ಭಯ ಇರುತ್ತದೆ.

ಬಿಸಿಲನ್ನು ನಂಬಲಾಗದ ಊರಿನವರು ಹೊಗೆಯನ್ನು ನಂಬಿದ್ದಾರೆ. ನಮ್ಮ ರಾಜ್ಯದಲ್ಲೇ ಕೊಡಗಿನಲ್ಲಿ ತಿಂಗಳುಗಟ್ಟಲೆ ಮಳೆ. ಅಲ್ಲಿ ಅಡುಗೆಮನೆಯ ಒಲೆಯ ಮೇಲೆ ಮಾಂಸ ತೂಗುಹಾಕಿ, ಒಲೆಯ ಬಿಸಿ ಮತ್ತು ಹೊಗೆಯಲ್ಲೇ ಒಣಗಿಸುವ ಹಳೆಯ ಪದ್ಧತಿಯಿದೆ. ಗ್ಯಾಸ್ ಒಲೆ ಬಂದ ನಮ್ಮ ಮನೆಗಳಲ್ಲಿ ಆ ಹೊಗೆ ಇಲ್ಲ. ಹಾಗಾಗಿ ನಮ್ಮ ಮಾಮುವಿನ ವೆಲ್ಡಿಂಗ್ ಶೆಡ್ಡಿನಲ್ಲಿ, ಗುಜರಿ ಅಂಗಡಿಯಿಂದ ತಂದ ಒಂದು ಕಬ್ಬಿಣದ ಕಡತದ ಅಲಮಾರಿಯನ್ನು ನಾವು ಕರೆಂಟಿನ ಹೊಗೆಪೆಟ್ಟಿಗೆಯಾಗಿ ಮಾಡಿದೆವು. ಅದು ಹೇಗೆ, ಯಾಕೆ ಹಾಗೆ ಎಂಬುದನ್ನು ನಾವು ಪಿಯುಸಿಯಲ್ಲಿ ಓದುವ ಭೌತಶಾಸ್ತ್ರದ ಲೆಕ್ಕದಲ್ಲೇ ಹೇಳುತ್ತೇನೆ.

ಹೊಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕಟ್ಟಿಗೆಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಉರಿಯದೆ ಬರೀ ಕಮರುವಂತೆ ಬಿಸಿ ಮಾಡಿದರೆ ಇವು ಒಡೆದು ಹೊಗೆಯಾಗುತ್ತವೆ. ಮೊದಲ ಎರಡರಿಂದ ಆಮ್ಲಗಳು ಮತ್ತು ಮಾಂಸಕ್ಕೆ ಕಂದು ಬಣ್ಣ ಕೊಡುವ ಸಂಯುಕ್ತಗಳು ಬರುತ್ತವೆ. ಲಿಗ್ನಿನ್‌ನಿಂದ ಫೀನಾಲುಗಳು ಬರುತ್ತವೆ. ಹೊಗೆಯ ಪರಿಮಳ ಇವುಗಳದ್ದೇ. ಫೀನಾಲು ಮತ್ತು ಆಮ್ಲಗಳು ಮಾಂಸದ ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ಕೊಬ್ಬು ಮುಗ್ಗಲು ವಾಸನೆಗೆ ತಿರುಗುವುದನ್ನು ನಿಧಾನ ಮಾಡುತ್ತವೆ.

ಆದರೆ ಇದೆಲ್ಲ ಮೇಲ್ಮೈಯ ಮಾತು. ಹೊಗೆ ಮಾಂಸದ ಒಳಕ್ಕೆ ಹೋಗುವುದು ತೀರಾ ಕಡಿಮೆ. ಕಬಾಬಿಗೆ ನಾವು ಕೊಡುವ 'ಧುಂಗಾರ್' ನೆನಪಿಸಿಕೊಳ್ಳಿ: ಕೆಂಡದ ಮೇಲೆ ತುಪ್ಪ ಬಿಟ್ಟು ಮುಚ್ಚಿಟ್ಟರೆ ಐದು ನಿಮಿಷದಲ್ಲಿ ಪರಿಮಳ ಹಿಡಿಯುತ್ತದೆ. ಅದರಿಂದ ಕಬಾಬು ಒಂದು ದಿನ ಹೆಚ್ಚು ಬಾಳುವುದಿಲ್ಲ. ಮಾಂಸವನ್ನು ಕಾಯುವುದು ಮೂರು: ಉಪ್ಪು, ಶಾಖ, ನೀರು ಕಡಿಮೆಯಾಗುವುದು. ಹೊಗೆ ಇವುಗಳ ಜೊತೆಗಾರ ಮಾತ್ರ. ಹೊಗೆ ಹಿಡಿದು ಕೆಂಪಗೆ ಕಂಡ ಮಾಂಸವೆಲ್ಲ ಕೆಡುವುದಿಲ್ಲ ಎಂದು ನಂಬುವುದು ಅಪಾಯ. ಈ ಪೆಟ್ಟಿಗೆಯ ಇಡೀ ವಿನ್ಯಾಸ ಈ ಒಂದು ಮಾತಿನಿಂದ ಹುಟ್ಟಿದೆ.

ಒಲೆಯಲ್ಲಿ ಶಾಖವೂ ಹೊಗೆಯೂ ಒಂದೇ ಬೆಂಕಿಯಿಂದ ಬರುತ್ತವೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದೂ ಹೆಚ್ಚುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದ ಟೋರಿ ಸಂಶೋಧನಾ ಕೇಂದ್ರದವರು 1930ರ ದಶಕದಲ್ಲಿ ಮೀನಿಗಾಗಿ ಮಾಡಿದ ಹೊಗೆಗೂಡು ಪ್ರಸಿದ್ಧವಾದದ್ದು ಈ ಗಂಟನ್ನು ಬಿಡಿಸಿದ್ದರಿಂದ: ಅದರಲ್ಲಿ ಹೊಗೆಯನ್ನು ಒಂದು ಕಡೆ ಹುಟ್ಟಿಸುತ್ತಾರೆ, ಫ್ಯಾನಿನಿಂದ ಹಾಯಿಸುತ್ತಾರೆ, ಶಾಖವನ್ನು ಬೇರೆಯಾಗಿ ಹಿಡಿತದಲ್ಲಿಡುತ್ತಾರೆ. ಕರೆಂಟಿನ ಪೆಟ್ಟಿಗೆಯಲ್ಲಿ ನಾವೂ ಅದನ್ನೇ ಮಾಡುತ್ತೇವೆ. ಶಾಖಕ್ಕೆ ಒಂದು ಹೀಟರ್, ಹೊಗೆಗೆ ಇನ್ನೊಂದು, ನೀರಾವಿ ಹೊರಹೋಗಲು ಒಂದು ಕಿಂಡಿ. ಮೂರಕ್ಕೂ ಬೇರೆ ಬೇರೆ ಹಿಡಿ.

ಅಲಮಾರಿಯ ಕೆಲಸ

ನಮಗೆ ಸಿಕ್ಕ ಅಲಮಾರಿ 120 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ್ದು. ಹಳೆ ಫ್ರಿಜ್ಜಿನ ಡಬ್ಬಿಯೂ ಸಿಗುತ್ತಿತ್ತು, ಆದರೆ ಅದರ ಒಳಗೋಡೆ ಪ್ಲಾಸ್ಟಿಕ್, ನಡುವೆ ಫೋಮ್. ಬಿಸಿಗೆ ಎರಡೂ ಮೆತ್ತಗಾಗಿ ವಾಸನೆ ಬಿಡುತ್ತವೆ. ಕಬ್ಬಿಣದ ಅಲಮಾರಿಯೇ ಸರಿ.

ಕಬ್ಬಿಣದ ಅಲಮಾರಿಯಲ್ಲಿ ಇರುವ ಅಪಾಯ ಬಣ್ಣ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಅಲಮಾರಿಯ ಬಣ್ಣದಲ್ಲಿ ಸೀಸ ಇದೆ ಎಂದೇ ಎಣಿಸಬೇಕು. ಅದನ್ನು ಒಣಗಿದ್ದಾಗ ಉಜ್ಜಿದರೆ ಧೂಳು ಶ್ವಾಸಕ್ಕೆ ಹೋಗುತ್ತದೆ, ಬಿಸಿ ಮಾಡಿ ಸುಟ್ಟರೆ ಇನ್ನೂ ಕೆಟ್ಟದ್ದು. ಆದ್ದರಿಂದ ನಾವು ಬಣ್ಣ ತೆಗೆಯಲೇ ಇಲ್ಲ. ಅಲಮಾರಿಯನ್ನು ಹೊರಕವಚವಾಗಿ ಮಾತ್ರ ಉಳಿಸಿಕೊಂಡು, ಒಳಗೆ ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಇನ್ನೊಂದು ಪೆಟ್ಟಿಗೆ ಕೂರಿಸಿದೆವು. ಎರಡರ ನಡುವಿನ ಒಂದು ಇಂಚು ಜಾಗದಲ್ಲಿ ರಾಕ್‌ವೂಲ್ ತುಂಬಿ ಅಂಚನ್ನು ಪೂರ್ತಿ ಮುಚ್ಚಿದೆವು. ಹೀಗೆ ಹಳೆ ಬಣ್ಣ ಬಿಸಿಗೂ ಆಹಾರಕ್ಕೂ ದೂರ ಉಳಿಯಿತು, ಶಾಖವೂ ಒಳಗೇ ನಿಂತಿತು. ರಾಕ್‌ವೂಲ್ ತುಂಬುವಾಗ ಕೈಗವಸು, ಮಾಸ್ಕ್ ಬೇಕೇ ಬೇಕು. ಥರ್ಮೊಕೋಲ್ ಹಾಕಬಾರದು, ಈ ಬಿಸಿಗೆ ಅದು ಕುಗ್ಗುತ್ತದೆ. ಬಾಗಿಲಿನ ಸುತ್ತ ಗಾಳಿ ಸೋರದಂತೆ ಸಿಲಿಕೋನ್ ಪಟ್ಟಿ ಸಾಕು. ಹಳೆ ಆಸ್‌ಬೆಸ್ಟಾಸ್ ಹಗ್ಗ ಬೇಡ.

ಮಾಂಸ ನೇತುಹಾಕುವ ಸಲಾಕೆಗಳೂ ಕೊಕ್ಕೆಗಳೂ ಸ್ಟೇನ್‌ಲೆಸ್ ಆಗಿರಬೇಕು. ಜಿ.ಐ. ತಂತಿ ಅಗ್ಗವಾದರೂ ಅದರ ಮೇಲಿರುವುದು ಸತು. ಹೊಗೆಯ ಆಮ್ಲ ಮತ್ತು ಉಪ್ಪುನೀರು ಸತುವನ್ನು ಕರಗಿಸಿ ಆಹಾರಕ್ಕೆ ಸೇರಿಸುತ್ತವೆ. ಹೀಟರಿನ ಮೇಲೆ, ಸ್ವಲ್ಪ ಅಂತರ ಬಿಟ್ಟು, ಒಂದು ಓರೆ ತಟ್ಟೆ ಇರಬೇಕು. ಮಾಂಸದಿಂದ ತೊಟ್ಟಿಕ್ಕುವ ಕೊಬ್ಬು ನೇರ ಹೀಟರಿಗೆ ಬಿದ್ದರೆ ಬೆಂಕಿ ಹತ್ತುತ್ತದೆ.

ಕೆಳಗೆ ಗಾಳಿ ಬರಲು ಎರಡು ಇಂಚಿನ ಕಿಂಡಿ, ಮೇಲೆ ಹೊಗೆ ಹೋಗಲು ಮೂರು ಇಂಚಿನ ಕೊಳವೆ, ಎರಡಕ್ಕೂ ಮುಚ್ಚಳ. ಬಿಸಿಗಾಳಿ ಹಗುರ, ಮೇಲೇರುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಫ್ಯಾನು ಇಲ್ಲದೆಯೇ ಗಾಳಿ ಸುಳಿಯುತ್ತದೆ.

ಎಷ್ಟು ವ್ಯಾಟಿನ ಹೀಟರ್?

ಹೊರಗೆ 35 ಡಿಗ್ರಿ, ಒಳಗೆ 90 ಡಿಗ್ರಿ ಎಂದುಕೊಳ್ಳೋಣ. ವ್ಯತ್ಯಾಸ 55 ಡಿಗ್ರಿ. ಪೆಟ್ಟಿಗೆಯ ಆರೂ ಮುಖಗಳ ವಿಸ್ತೀರ್ಣ ಸುಮಾರು 3 ಚದರ ಮೀಟರ್. ಬರೀ ತಗಡಿನ ಗೋಡೆ ಆಗಿದ್ದರೆ ಪ್ರತಿ ಚದರ ಮೀಟರಿನಿಂದ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5 ವ್ಯಾಟ್ ಹೊರಗೆ ಸೋರುತ್ತದೆ. ಅಂದರೆ 800 ವ್ಯಾಟಿಗೂ ಮೇಲೆ ಬರೀ ಗೋಡೆಯಿಂದಲೇ ನಷ್ಟ. ಒಂದು ಇಂಚು ರಾಕ್‌ವೂಲ್ ಹಾಕಿದಾಗ 5ರ ಜಾಗದಲ್ಲಿ ಸುಮಾರು 1.3 ಆಗುತ್ತದೆ, ನಷ್ಟ ಸುಮಾರು 220 ವ್ಯಾಟಿಗೆ ಇಳಿಯುತ್ತದೆ. ಒಂದು ಇಂಚಿನ ಪದರ ಕಾಲು ಭಾಗಕ್ಕೆ ಇಳಿಸಿತು.

ಇನ್ನು ಮಾಂಸದ ನೀರು. ಹಸಿ ಮಾಂಸದಲ್ಲಿ ನೂರಕ್ಕೆ 70ರಿಂದ 75 ಭಾಗ ನೀರೇ. 5 ಕೆ.ಜಿ. ಮಾಂಸ ಚೆನ್ನಾಗಿ ಒಣಗಬೇಕಾದರೆ ಸುಮಾರು 3.2 ಕೆ.ಜಿ. ನೀರು ಆವಿಯಾಗಬೇಕು. ಪ್ರಥಮ ಪಿಯುಸಿಯಲ್ಲಿ ಓದಿದ ಗುಪ್ತೋಷ್ಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಕೆ.ಜಿ. ನೀರನ್ನು ಆವಿ ಮಾಡಲು ಸುಮಾರು 2.3 ಮೆಗಾಜೌಲ್ ಬೇಕು, ಒಟ್ಟು ಸುಮಾರು 7.4 ಮೆಗಾಜೌಲ್, ಅಂದರೆ ಸುಮಾರು 2 ಯೂನಿಟ್ ಕರೆಂಟ್. ಇದನ್ನು 8 ತಾಸಿಗೆ ಹಂಚಿದರೆ ಸುಮಾರು 250 ವ್ಯಾಟ್. ಕಿಂಡಿಯಿಂದ ಒಳಬರುವ ಗಾಳಿಯನ್ನು ಬಿಸಿ ಮಾಡಲು ಇನ್ನೂ ಸುಮಾರು 170 ವ್ಯಾಟ್. ಕೂಡಿಸಿದರೆ 640 ವ್ಯಾಟ್.

ಹಾಗಾದರೆ 1000 ವ್ಯಾಟಿನ ಹೀಟರ್ ಸಾಕಲ್ಲವೇ? ಹಳ್ಳಿಯ ವೋಲ್ಟೇಜ್ ಲೆಕ್ಕಕ್ಕೆ ತೆಗೆದುಕೊಂಡರೆ ಸಾಲದು. ಹೀಟರಿನ ಮೇಲೆ ಬರೆದ ವ್ಯಾಟ್ 230 ವೋಲ್ಟಿಗೆ ಮಾತ್ರ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ 1000 ವ್ಯಾಟಿನ ಹೀಟರ್ ಕೊಡುವುದು 612 ವ್ಯಾಟ್ ಮಾತ್ರ. ನಮಗೆ ಬೇಕಾದ 640ಕ್ಕಿಂತ ಕಡಿಮೆ. ಆಗ ಪೆಟ್ಟಿಗೆ ಬಿಸಿಯಾಗಿರುವಂತೆ ಕಾಣುತ್ತದೆ, ಆದರೆ ಮಾಂಸ ಸೂಕ್ಷ್ಮಜೀವಿಗಳಿಗೆ ಹಿತವಾದ ಬೆಚ್ಚಗಿನಲ್ಲೇ ನಿಲ್ಲುತ್ತದೆ. ಅದಕ್ಕೇ 1500 ವ್ಯಾಟಿನದನ್ನು ಆರಿಸಿದೆವು. 180 ವೋಲ್ಟಿನಲ್ಲೂ ಅದು ಸುಮಾರು 919 ವ್ಯಾಟ್ ಕೊಡುತ್ತದೆ. ಹೊಗೆಗೆ ಬೇರೆ 500 ವ್ಯಾಟಿನ ಸಣ್ಣ ಹೀಟರ್.

ಎರಡೂ ಸೇರಿ 2000 ವ್ಯಾಟ್. 230ರಿಂದ ಭಾಗಿಸಿದರೆ 8.7 ಆಂಪಿಯರ್. ಮನೆಯ ಸಾದಾ ಪ್ಲಗ್ 6 ಆಂಪಿಯರಿನದು, ಅದಕ್ಕೆ ಹಾಕಿದರೆ ಕರಗುತ್ತದೆ. 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು.

ಬಿಸಿಯನ್ನು ಹಿಡಿತದಲ್ಲಿಡುವುದು

ಕೈಯಿಟ್ಟು ಬಿಸಿ ಅಳೆಯಲಾಗುವುದಿಲ್ಲ. ನಾವು ಬಳಸಿದ್ದು ಕೆ-ಟೈಪ್ ಥರ್ಮೊಕಪಲ್. ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದು ಬಿಸಿ ಮಾಡಿದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ ಎಂದು 1821ರಲ್ಲಿ ಥಾಮಸ್ ಸೀಬೆಕ್ ಕಂಡುಕೊಂಡ ಪರಿಣಾಮವೇ ಇದರ ಮೂಲ. ಇದರಲ್ಲಿ ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೊವೋಲ್ಟ್. ಟೆಂಪರೇಚರ್ ಕಂಟ್ರೋಲರ್ ಅದನ್ನು ಓದಿ, ಸಾಲಿಡ್ ಸ್ಟೇಟ್ ರಿಲೇ ಮೂಲಕ ಹೀಟರನ್ನು ಹಚ್ಚುತ್ತದೆ, ಆರಿಸುತ್ತದೆ.

ಈ ರಿಲೇಗಳು ಹಾಳಾಗುವಾಗ ಹೆಚ್ಚಾಗಿ 'ಆನ್' ಸ್ಥಿತಿಯಲ್ಲೇ ಅಂಟಿಕೊಳ್ಳುತ್ತವೆ. ಆಗ ಕಂಟ್ರೋಲರ್ ಹೇಳಿದರೂ ಹೀಟರ್ ಆರುವುದಿಲ್ಲ. ಅದಕ್ಕಾಗಿ ಪೆಟ್ಟಿಗೆಯೊಳಗೆ 130 ಡಿಗ್ರಿಗೆ ತಾನಾಗಿ ಕಡಿದುಕೊಳ್ಳುವ ಥರ್ಮಲ್ ಕಟೌಟ್ ಒಂದನ್ನು ಹೀಟರಿನ ಸರಣಿಯಲ್ಲೇ ಜೋಡಿಸಬೇಕು. ನಾವು ಎರಡು ಥರ್ಮೊಮೀಟರ್ ಇಟ್ಟೆವು: ಒಂದು ಗಾಳಿಗೆ, ಇನ್ನೊಂದು ಅತಿ ದಪ್ಪ ತುಂಡಿನ ನಡುವಿಗೆ ಚುಚ್ಚುವಂಥದ್ದು. ಎರಡನೆಯದು ಯಾಕೆ ಬೇಕೆಂಬುದನ್ನು ಮುಂದೆ ಹೇಳುತ್ತೇನೆ.

ಕಬ್ಬಿಣದ ಪೆಟ್ಟಿಗೆ, ಉಪ್ಪುನೀರು, ಕರೆಂಟ್

ಈ ಮೂರು ಒಂದೆಡೆ ಸೇರಿದರೆ ಜೀವಕ್ಕೇ ಅಪಾಯ. ಆದ್ದರಿಂದ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿದೆವು. ನೀವೂ ಹಾಗೆಯೇ ಮಾಡಿ, ಇದರಲ್ಲಿ ಧೈರ್ಯ ತೋರಿಸಬೇಡಿ. ಅವರು ಮಾಡಿದ್ದು ಇಷ್ಟು:

ಹೊರಕವಚ, ಒಳಪೆಟ್ಟಿಗೆ, ಬಾಗಿಲು ಮೂರಕ್ಕೂ ಬೇರೆ ಬೇರೆ ಅರ್ಥ್ ವೈರ್. ಬಾಗಿಲಿನ ಕೀಲನ್ನು ನಂಬಲಿಲ್ಲ, ತುಕ್ಕು ಹಿಡಿದರೆ ಸಂಪರ್ಕ ತಪ್ಪುತ್ತದೆ. ಶೆಡ್ಡಿನ ಅರ್ಥಿಂಗ್ ಸರಿ ಇದೆಯೇ ಎಂದು ಮೊದಲೇ ಪರೀಕ್ಷೆ. 10 ಆಂಪಿಯರಿನ ಎಂಸಿಬಿ, ಅದರ ಜೊತೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಹೀಟರ್ ಪೂರ್ತಿ ಸ್ಟೇನ್‌ಲೆಸ್ ಕವಚದೊಳಗಿನದು, ತೆರೆದ ಕಾಯಿಲ್ ಅಲ್ಲ. ಹೀಟರಿನ ಹತ್ತಿರ ಪಿವಿಸಿ ವೈರ್ ಇಲ್ಲ, ಬಿಸಿ ತಡೆಯುವ ಸಿಲಿಕೋನ್ ಅಥವಾ ಗ್ಲಾಸ್‌ಫೈಬರ್ ಹೊದಿಕೆಯ ವೈರ್. ಕಂಟ್ರೋಲರ್ ಪೆಟ್ಟಿಗೆಯ ಹೊರಗೆ, ಹೊಗೆ ತಾಕದ ಕಡೆ.

ಇನ್ನೊಂದು ಮಾತು. ಕಮರುವ ಕಟ್ಟಿಗೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ಟಿಗೆ ಮನೆಯೊಳಗೆ ಇರಕೂಡದು, ಗಾಳಿಯಾಡುವ ತೆರೆದ ಶೆಡ್ಡಿನಲ್ಲೇ ಇರಬೇಕು.

ಯಾವ ಕಟ್ಟಿಗೆ?

ನಮ್ಮ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಎಲ್ಲರೂ ಬೈಯುವ ಬಳ್ಳಾರಿ ಜಾಲಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಈ ಜಾಲಿಯ ಮೂಲ ಅಮೆರಿಕ ಖಂಡ. 19ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಅಮೆರಿಕದ ಟೆಕ್ಸಾಸ್ ಕಡೆ ಮಾಂಸ ಸುಡಲು, ಹೊಗೆ ಹಾಕಲು ಹೆಸರಾದ 'ಮೆಸ್ಕೀಟ್' ಕಟ್ಟಿಗೆ ಇದರ ಹತ್ತಿರದ ಬಂಧು. ಅಲ್ಲಿಯವರು ಚೀಲಗಟ್ಟಲೆ ಕೊಳ್ಳುವ ಬಗೆಯ ಕಟ್ಟಿಗೆ ನಮ್ಮಲ್ಲಿ ಪುಕ್ಕಟೆ ಬಿದ್ದಿದೆ. ಹೊಗೆ ಖಾರ, ಆದ್ದರಿಂದ ಸ್ವಲ್ಪವೇ ಸಾಕು. ಮಾವು, ಪೇರಲ ಕಟ್ಟಿಗೆಯ ಹೊಗೆ ಇನ್ನೂ ಮೃದು.

ಬೇಡದ್ದೂ ತಿಳಿದಿರಲಿ. ಕಣಗಿಲೆ ವಿಷದ ಗಿಡ, ಅದರ ಒಂದು ಕಡ್ಡಿಯೂ ಸೇರಬಾರದು. ಬೇವು ಕಹಿ, ನೀಲಗಿರಿ ಎಣ್ಣೆವಾಸನೆ. ಹತ್ತಿಕಟ್ಟಿಗೆ ನಮ್ಮಲ್ಲಿ ರಾಶಿ ರಾಶಿ ಸಿಗುತ್ತದೆ, ಆದರೆ ಅದು ಹತ್ತಾರು ಸಲ ಔಷಧ ಹೊಡೆಸಿಕೊಂಡ ಗಿಡ. ಪ್ಲೈವುಡ್, ಬಣ್ಣ ಹಚ್ಚಿದ ಹಲಗೆಯಂತೂ ಬೇಡವೇ ಬೇಡ.

ಕಟ್ಟಿಗೆ ಒಣಗಿರಬೇಕು, ಕಡಲೆಕಾಳಿನಷ್ಟು ಚಿಕ್ಕ ಚಕ್ಕೆಗಳಾಗಿರಬೇಕು. ಒಂದು ಹಿಡಿಯಷ್ಟನ್ನು ಕಬ್ಬಿಣದ ಬಾಣಲೆಯಲ್ಲಿ ಹಾಕಿ ಸಣ್ಣ ಹೀಟರಿನ ಮೇಲಿಟ್ಟರೆ ಕಮರುತ್ತದೆ. ಹೊಗೆ ತೆಳ್ಳಗೆ, ನೀಲಿಯಾಗಿ ಇರಬೇಕು. ದಟ್ಟ ಬಿಳಿ ಅಥವಾ ಕಪ್ಪು ಹೊಗೆ ಬಂದರೆ ಮಾಂಸ ಕಹಿಯಾಗುತ್ತದೆ. ಜ್ವಾಲೆ ಏಳಲು ಬಿಡಬಾರದು. ಕಟ್ಟಿಗೆ ಹೆಚ್ಚು ಕಾದಷ್ಟೂ ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಹೆಚ್ಚಾಗುತ್ತವೆ. ಯುರೋಪಿನ ಒಕ್ಕೂಟ 2014ರಿಂದ ಒಂದು ಕೆ.ಜಿ. ಹೊಗೆ ಹಾಕಿದ ಮಾಂಸದಲ್ಲಿ ಇದು 2 ಮೈಕ್ರೊಗ್ರಾಂ ಮೀರಬಾರದೆಂದು ಮಿತಿ ಹಾಕಿದೆ.

ಮಾಂಸದ ಕ್ರಮ

ಮೊದಲು ಕೊಬ್ಬು ತೆಗೆಯಬೇಕು. ಒಣಗಿದ ಮೇಲೂ ಕೊಬ್ಬು ಮುಗ್ಗುತ್ತದೆ. ಉಳಿದ ಖಂಡವನ್ನು ಅರ್ಧ ಸೆಂ.ಮೀ. ದಪ್ಪದ ಪಟ್ಟಿಗಳಾಗಿ ಸೀಳಬೇಕು. ಒಂದು ಕೆ.ಜಿ.ಗೆ 25ರಿಂದ 30 ಗ್ರಾಂ ಉಪ್ಪು. ಇದನ್ನು ಅಂದಾಜಿನಲ್ಲಿ ಅಲ್ಲ, ತಕ್ಕಡಿಯಲ್ಲಿ ತೂಗಿ ಹಾಕಬೇಕು. ಜೊತೆಗೆ ಅರಿಶಿಣ, ಬೇಕಾದರೆ ಮೆಣಸು. ಅಂಗಡಿಯ ಸಂಸ್ಕರಿಸಿದ ಮಾಂಸಕ್ಕೆ ಹಾಕುವ ನೈಟ್ರೈಟ್ ಉಪ್ಪನ್ನು ನಾವು ಮುಟ್ಟಿಲ್ಲ. ಗ್ರಾಂ ಲೆಕ್ಕ ತಪ್ಪಿದರೆ ಅದು ವಿಷ. ಅದನ್ನು ಬಳಸದ ಕಾರಣ ತಣ್ಣನೆಯ ಹೊಗೆಯಲ್ಲಿ ದಿನಗಟ್ಟಲೆ ಇಡುವ ಪದ್ಧತಿ ನಮಗಲ್ಲ. 30 ಡಿಗ್ರಿಗಿಂತ ಕೆಳಗಿನ ಆ ಹೊಗೆ ರಾಯಚೂರಿನ ಹವೆಗೆ ಹೇಗೂ ಸಾಧ್ಯವಿಲ್ಲ.

ಮೊದಲ ಹಂತದಲ್ಲಿ ಗಾಳಿಯ ಕಿಂಡಿ ಬಹುಪಾಲು ಮುಚ್ಚಿ, ಒಳಗೆ 90 ಡಿಗ್ರಿ ಇಟ್ಟು, ಅತಿ ದಪ್ಪ ತುಂಡಿನ ನಡುವೆ 71 ಡಿಗ್ರಿ ಮುಟ್ಟುವವರೆಗೆ ಕಾಯಬೇಕು. ಒಣಮಾಂಸ ಮಾಡುವವರಿಗೆ ಅಮೆರಿಕದ ಕೃಷಿ ಇಲಾಖೆ ಹೇಳುವ ಉಷ್ಣತೆ ಇದು. ಇಲ್ಲೇ ಎರಡನೆಯ ಥರ್ಮೊಮೀಟರಿನ ಕೆಲಸ. ಗಾಳಿ 90 ಇದ್ದರೂ ಮಾಂಸ 90 ಇರುವುದಿಲ್ಲ. ಮಡಕೆಯ ನೀರು ತಂಪಾಗುವಂತೆ, ಒದ್ದೆ ಮಾಂಸವೂ ಆವಿ ಬಿಡುತ್ತಾ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಕಿಂಡಿ ಮುಚ್ಚಿದರೆ ಒಳಗೆ ಆವಿ ತುಂಬಿ ಈ ತಂಪಾಗುವಿಕೆ ನಿಲ್ಲುತ್ತದೆ. ಮೊದಲೇ ಒಣಗಿಸಿ ಆಮೇಲೆ ಬಿಸಿ ಮಾಡೋಣ ಎನ್ನುವಂತಿಲ್ಲ. ಒಣಗಿದ ಸ್ಥಿತಿಯಲ್ಲಿ ಸೂಕ್ಷ್ಮಜೀವಿಗಳು ಶಾಖವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಹಸಿಯಿದ್ದಾಗಲೇ ಬಿಸಿ, ಆಮೇಲೆ ಒಣಗಿಸುವುದು.

ಎರಡನೆಯ ಹಂತದಲ್ಲಿ ಕಿಂಡಿ ತೆರೆದು, ಬಿಸಿಯನ್ನು 70 ಡಿಗ್ರಿಗೆ ಇಳಿಸಿ, ಮೊದಲ ಎರಡು ತಾಸು ಹೊಗೆ ಕೊಡುತ್ತೇವೆ. ಮೇಲ್ಮೈ ಅಂಟಂಟಾಗಿರುವಾಗ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಹೊಗೆ ನಿಲ್ಲಿಸಿ ಬರೀ ಒಣಗಿಸುವುದು. ಆಯಿತೇ ಇಲ್ಲವೇ ಎಂಬುದನ್ನು ಬಣ್ಣ ಹೇಳುವುದಿಲ್ಲ, ತಕ್ಕಡಿ ಹೇಳುತ್ತದೆ. ಒಂದು ಕೆ.ಜಿ. ಹಸಿ ಮಾಂಸ 350 ಗ್ರಾಂ ಹತ್ತಿರ ಬರಬೇಕು. ಬಗ್ಗಿಸಿದರೆ ಬಿರುಕು ಬಿಡಬೇಕು, ಹಿಂಡಿದರೆ ತೇವ ಕಾಣಬಾರದು. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಬೇಕು. ಡಬ್ಬಿಯೊಳಗೆ ಹನಿಗಟ್ಟಿದರೆ ಇನ್ನೂ ಒಣಗಿಲ್ಲವೆಂದು ಅರ್ಥ. ತಿನ್ನುವ ಮೊದಲು ನೆನೆಸಿ, ಮತ್ತೆ ಚೆನ್ನಾಗಿ ಬೇಯಿಸಲೇಬೇಕು. ಒಟ್ಟು ಖರ್ಚಾಗುವ ಕರೆಂಟ್ 6ರಿಂದ 7 ಯೂನಿಟ್.

ನಡುವೆ ಕರೆಂಟ್ ಹೋದರೆ? 5ರಿಂದ 60 ಡಿಗ್ರಿ ನಡುವೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. 32 ಡಿಗ್ರಿ ಮೀರಿದ ಹವೆಯಲ್ಲಿ ಮಾಂಸವನ್ನು ಒಂದು ತಾಸಿಗಿಂತ ಹೆಚ್ಚು ಹಾಗೇ ಬಿಡಬಾರದು. ಬಾಗಿಲು ತೆರೆಯದೆ ಥರ್ಮೊಮೀಟರ್ ನೋಡಿ. 60ಕ್ಕಿಂತ ಕೆಳಗಿಳಿಯಿತೆಂದರೆ ಆಸೆ ಬಿಟ್ಟು ಗ್ಯಾಸಿನ ಮೇಲೆ ಹಾಕಿ ಅಂದೇ ಸಾಲನ್ ಮಾಡಿಬಿಡಿ. ಅಕ್ಕಪಕ್ಕದವರಿಗೂ ಆಯಿತು.

ಎಷ್ಟು ತಿನ್ನಬೇಕು?

ಇದನ್ನು ಹೇಳದೆ ಬರಹ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರ ಅಕ್ಟೋಬರಿನಲ್ಲಿ ಉಪ್ಪು ಹಾಕಿ, ಹೊಗೆ ಹಾಕಿ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿನ್ನುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ನೂರಕ್ಕೆ 18ರಷ್ಟು ಹೆಚ್ಚುತ್ತದೆ ಎಂದು ಅಂದಾಜು ಮಾಡಿತು. ರಕ್ತದೊತ್ತಡ ಇರುವ ಹಿರಿಯರಿಗೆ ಉಪ್ಪಿನ ಚಿಂತೆ ಬೇರೆ. ಹೊಗೆ ಖಂಡ ದಿನದ ಊಟವಲ್ಲ. ಹಬ್ಬದ ಮಾಂಸ ವ್ಯರ್ಥವಾಗದಂತೆ ನೋಡಿಕೊಳ್ಳುವ ಒಂದು ಉಪಾಯ. ಹೊಗೆ ಬೇಡವೆನ್ನುವವರು ಸಣ್ಣ ಹೀಟರ್ ಹಚ್ಚದೆ ಇದೇ ಪೆಟ್ಟಿಗೆಯಲ್ಲಿ ಬರೀ ಒಣಗಿಸಬಹುದು. ಮಾಂಸ ಬಾಳುವುದಕ್ಕೆ ಉಪ್ಪು, ಶಾಖ, ಒಣಗುವಿಕೆ ಸಾಕು ಎಂದು ಮೊದಲೇ ಹೇಳಿದ್ದೇನಲ್ಲ.

ಇಂಥ ಪೆಟ್ಟಿಗೆ ಮನೆಗೊಂದು ಬೇಕಾಗಿಲ್ಲ. ಓಣಿಗೊಂದು ಇದ್ದರೆ ಸಾಕು. ಕುರ್ಬಾನಿಯ ಮೂರು ದಿನ ಅದನ್ನು ಸರದಿಯಂತೆ ನಡೆಸಿದರೆ, ಫ್ರಿಜ್ ಇಲ್ಲದ ಮನೆಗಳಿಗೆ ಸೇರಿದ ಪಾಲನ್ನು ಅವರ ಹೆಸರು ಬರೆದ ಚೀಟಿ ಕಟ್ಟಿ ಒಣಗಿಸಿ ಹಿಂದಿರುಗಿಸಬಹುದು. ವಿಜ್ಞಾನ ಓದುವ ನಮ್ಮಂಥವರು ಅಲ್ಲಿ ಮಾಡಬಹುದಾದ ಕೆಲಸ ಸರಳ: ಥರ್ಮೊಮೀಟರ್ ನೋಡಿ ಪ್ರತಿ ಅರ್ಧ ತಾಸಿಗೆ ಪುಸ್ತಕದಲ್ಲಿ ಬರೆಯುವುದು, ತಕ್ಕಡಿಯಲ್ಲಿ ತೂಗುವುದು, 71 ಮುಟ್ಟದ ಮಾಂಸವನ್ನು ಯಾರು ಎಷ್ಟು ಅವಸರ ಮಾಡಿದರೂ ಹೊರಗೆ ತೆಗೆಯದಿರುವುದು.